ನೇಪಾಳದ ಪೆಟ್ರೋಲಿನ ನಲ್ಲಿ ನಮ್ಮ ಕೈಯಲ್ಲಿದೆ. ಅದರಿಂದ ನಮಗೆ ಸಿಕ್ಕಿದ್ದೇನು?

ಹೌರಾ ಬ್ರಿಜ್ (ಚರ್ಚೆ ಶುರು ಮಾಡಿದವರು)

ಮೊನ್ನೆ ಇನ್ನೊಂದು ಚರ್ಚೆಯಲ್ಲಿ ಯಾರೋ ಬರೆದಿದ್ದರು, "ನೇಪಾಳ ಜಾಸ್ತಿ ಮಾತಾಡಿದರೆ ಒಂದು ವಾರ ಪೆಟ್ರೋಲ್ ನಿಲ್ಲಿಸಿ, ತಾನಾಗೇ ದಾರಿಗೆ ಬರುತ್ತೆ" ಅಂತ. ಅದಕ್ಕೆ ಸಿಕ್ಕಾಪಟ್ಟೆ ಲೈಕ್ ಬೇರೆ.

ನಿಲ್ಲಿಸಿ ನೋಡಿದ್ದಾಗಿದೆ ಮಾರಾಯ್ರೇ. ಒಂದು ವಾರ ಅಲ್ಲ, ನಾಲ್ಕು ತಿಂಗಳ ಮೇಲೆ.

ನೆನಪಿಲ್ಲದವರಿಗೆ: 2015ರ ಏಪ್ರಿಲ್ 25ಕ್ಕೆ ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪ ಆಯಿತು. ಸುಮಾರು 9,000 ಜನ ಸತ್ತರು. ಅದೇ ವರ್ಷ ಸೆಪ್ಟೆಂಬರ್ 20ಕ್ಕೆ ಹೊಸ ಸಂವಿಧಾನ ಜಾರಿಗೆ ಬಂತು. ಭಾರತದ ಗಡಿಗೆ ಹೊಂದಿಕೊಂಡ ತರಾಯಿ ಬಯಲಿನ ಮಧೇಶಿಗಳಿಗೆ ಅದು ಒಪ್ಪಿಗೆ ಇರಲಿಲ್ಲ, ದೆಹಲಿಗೂ ಇರಲಿಲ್ಲ. ಆಗ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಜೈಶಂಕರ್ ಎರಡು ದಿನ ಮುಂಚೆ ಕಠ್ಮಂಡುವಿಗೆ ಹೋಗಿ ಹೇಳಿ ಬಂದಿದ್ದರು. ಅವರು ಕೇಳಲಿಲ್ಲ. ಆ ವಾರವೇ ಗಡಿಯಲ್ಲಿ ಲಾರಿ, ಟ್ಯಾಂಕರ್‌ಗಳು ನಿಂತವು. ಮತ್ತೆ ಸರಾಗವಾಗಿ ಓಡಿದ್ದು 2016ರ ಫೆಬ್ರುವರಿಯಲ್ಲಿ. "ನಾವು ನಿಲ್ಲಿಸಿಲ್ಲ, ಮಧೇಶಿಗಳು ಸೇತುವೆ ಮೇಲೆ ಕೂತಿದ್ದಾರೆ, ಡ್ರೈವರ್‌ಗಳು ಹೆದರಿದ್ದಾರೆ" ಅಂತ ಭಾರತ ಹೇಳಿತು. ಇವತ್ತಿಗೂ ಅದನ್ನೇ ಹೇಳುತ್ತೆ.

ಆಗ ನಾನು ಕೋಲ್ಕತ್ತಾದಲ್ಲಿ ಒಂದು ಕ್ಲಿಯರಿಂಗ್ ಏಜೆನ್ಸಿಯಲ್ಲಿ ಕೆಲಸಕ್ಕಿದ್ದೆ. ನೇಪಾಳಕ್ಕೆ ಸಮುದ್ರ ಇಲ್ಲ. ಅವರ ಹಡಗು ಸರಕು ಇಳಿಯೋದು ಕೋಲ್ಕತ್ತಾ, ಹಲ್ದಿಯಾದಲ್ಲಿ. ಪ್ರತಿ ಕಂಟೇನರ್‌ಗೂ ಒಂದು ಕಸ್ಟಮ್ಸ್ ಟ್ರಾನ್ಸಿಟ್ ಡಿಕ್ಲರೇಷನ್ ತುಂಬಬೇಕು, ನಾವು ಸಿಟಿಡಿ ಅಂತಿದ್ದೆವು. ಕಸ್ಟಮ್ಸ್‌ನವರು ಸೀಲ್ ಹಾಕುತ್ತಾರೆ. ಬಿಹಾರದ ರಕ್ಸೌಲ್ ದಾಟಿ ನೇಪಾಳದ ಬೀರ್‌ಗಂಜ್ ಸೇರುವವರೆಗೆ ಆ ಸೀಲ್ ಮುಟ್ಟುವ ಹಾಗಿಲ್ಲ. ಅಲ್ಲಿ ಮಾಲು ಇಳಿಸಿ ಖಾಲಿ ಡಬ್ಬ ವಾಪಸ್ ಬರಬೇಕು. ತಡವಾದರೆ ಹಡಗು ಕಂಪನಿ ಡಿಟೆನ್ಷನ್ ಚಾರ್ಜ್ ಹಾಕುತ್ತೆ, ದಿನದ ಲೆಕ್ಕದಲ್ಲಿ. ಆ ಚಳಿಗಾಲದಲ್ಲಿ ನಮ್ಮ ಟೇಬಲ್ ಮೇಲೆ ಸಿಟಿಡಿ ಫೈಲ್‌ಗಳು ರಾಶಿ ಬಿದ್ದಿದ್ದವು. ಬೀರ್‌ಗಂಜ್‌ನ ವ್ಯಾಪಾರಿಯೊಬ್ಬರು ದಿನಾ ಫೋನ್ ಮಾಡೋರು. ಬಟ್ಟೆ ಅಂಗಡಿಯವರು, ರಾಜಕೀಯಕ್ಕೂ ಅವರಿಗೂ ಸಂಬಂಧ ಇಲ್ಲ. ಕೊನೆಕೊನೆಗೆ ಅವರು ಕೇಳ್ತಿದ್ದದ್ದು ಒಂದೇ: "ಇವತ್ತಿಗೆ ಚಾರ್ಜ್ ಎಷ್ಟಾಯ್ತು?" ಮಾಲು ಯಾವಾಗ ಬರುತ್ತೆ ಅಂತ ಕೇಳೋದನ್ನೇ ಬಿಟ್ಟಿದ್ದರು.

ಆಮೇಲೆ ಏನಾಯ್ತು ನೋಡಿ. ಅಕ್ಟೋಬರ್‌ನಲ್ಲಿ ಕಮ್ಯುನಿಸ್ಟ್ ನಾಯಕ ಓಲಿ ಪ್ರಧಾನಿ ಆದರು. 2016ರ ಮಾರ್ಚ್‌ನಲ್ಲಿ ಬೀಜಿಂಗ್‌ಗೆ ಹೋಗಿ ಚೀನಾ ಜೊತೆ ಸಾಗಣೆ ಒಪ್ಪಂದಕ್ಕೆ ಸಹಿ ಹಾಕಿದರು. 2017ರ ಚುನಾವಣೆಯಲ್ಲಿ "ಭಾರತಕ್ಕೆ ಬಗ್ಗದವನು" ಅಂತ ಹೇಳಿಕೊಂಡೇ ಎಡ ಮೈತ್ರಿಕೂಟ ಮೂರನೇ ಎರಡರ ಹತ್ತಿರ ಸೀಟು ಗೆದ್ದಿತು. 2020ರಲ್ಲಿ ಭಾರತ ತನ್ನದು ಅನ್ನುವ ಲಿಪುಲೇಖ್, ಕಾಲಾಪಾನಿ ಸೇರಿಸಿ ಹೊಸ ನಕ್ಷೆಯನ್ನೂ ತಂದರು.

ನನ್ನ ಪ್ರಶ್ನೆ ಇಷ್ಟೇ: ನಲ್ಲಿ ತಿರುಗಿಸಿದ್ದಕ್ಕೆ ನಮಗೆ ಸಿಕ್ಕಿದ್ದೇನು?

ನೇರನುಡಿ

ಸರ್, ಒಂದು ಕಡೆಯ ಕಥೆ ಇದು. 1950ರ ಒಪ್ಪಂದದ ಪ್ರಕಾರ ನೇಪಾಳಿಗಳು ಇಲ್ಲಿ ವೀಸಾ ಇಲ್ಲದೆ ಬರಬಹುದು, ಕೆಲಸ ಮಾಡಬಹುದು, ಆಸ್ತಿ ಮಾಡಬಹುದು. ಯಾವ ದೇಶ ಇನ್ನೊಂದು ದೇಶಕ್ಕೆ ಇಷ್ಟು ಕೊಡುತ್ತೆ? ನಮ್ಮ ಬಾವಿಯ ನೀರು ಕುಡಿದು ಪಕ್ಕದ ಮನೆಯವರಿಗೆ ಜೈ ಅಂದರೆ ಹಗ್ಗ ಎತ್ತಿಡಬೇಕಾಗುತ್ತೆ.

ಹಗ್ಗ ಎತ್ತಿಟ್ಟಾಗ ಕೆಲಸ ಆಗಿದ್ದೂ ಉಂಟು. 1988ರಲ್ಲಿ ರಾಜ ಬೀರೇಂದ್ರರ ಸರ್ಕಾರ ಚೀನಾದಿಂದ ಆಯುಧ ತರಿಸಿಕೊಂಡಿತು. 1989ರ ಮಾರ್ಚ್‌ನಲ್ಲಿ ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿದಾಗ ರಾಜೀವ್ ಗಾಂಧಿ ಸರ್ಕಾರ 15 ಗಡಿ ದಾರಿಗಳಲ್ಲಿ 13 ಮುಚ್ಚಿತು. ಒಂದೇ ವರ್ಷ. 1990ರ ಏಪ್ರಿಲ್‌ಗೆ ಪಂಚಾಯತ್ ಅಂತ ಕರೆಯುತ್ತಿದ್ದ, ಪಕ್ಷಗಳಿಲ್ಲದ ರಾಜನ ಆಡಳಿತವೇ ಬಿತ್ತು. ಅದನ್ನು ಯಾಕೆ ಬಿಟ್ಟಿರಿ?

ಹೌರಾ ಬ್ರಿಜ್

ಬಿಡಲಿಲ್ಲ, ನೀವೇ ಎತ್ತಿದ್ದು ಒಳ್ಳೇದಾಯ್ತು. ನನಗೆ ಕುತೂಹಲ ಇರೋದೇ ಇಲ್ಲಿ. ಎರಡು ಸಲವೂ ಅದೇ ಗಡಿ, ಅದೇ ಸೀಮೆಎಣ್ಣೆ ಕ್ಯೂ. ಫಲ ಮಾತ್ರ ಪೂರ್ತಿ ಉಲ್ಟಾ.

1989ರಲ್ಲಿ ಆಳುತ್ತಿದ್ದದ್ದು ರಾಜ. ಪಕ್ಷಗಳಿಗೆ ನಿಷೇಧ ಇತ್ತು. ನೇಪಾಳಿ ಕಾಂಗ್ರೆಸ್‌ನವರು, ಎಡದವರು ಬೀದಿಗಿಳಿಯೋಕೆ ಕಾಯ್ತಾ ಇದ್ದರು. ಕ್ಯೂನಲ್ಲಿ ನಿಂತವರ ಸಿಟ್ಟಿನಲ್ಲಿ ಒಂದು ಪಾಲು ಅರಮನೆ ಕಡೆ ಹೋಯಿತು. 2015ರಲ್ಲಿ ಆ ಸಂವಿಧಾನಕ್ಕೆ ಸಂವಿಧಾನ ಸಭೆಯಲ್ಲಿ 507 ಮತ ಬಿದ್ದಿತ್ತು, ವಿರುದ್ಧ 25. ದೊಡ್ಡ ಮೂರೂ ಪಕ್ಷ ಒಂದೇ ಕಡೆ. ಆಗ ಸಿಟ್ಟು ಹೋಗೋಕೆ ದೆಹಲಿ ಬಿಟ್ಟು ಬೇರೆ ಜಾಗ ಎಲ್ಲಿತ್ತು?

ಅಂದ್ರೆ ಒತ್ತಡದ ಫಲ ಒತ್ತುವವನ ಕೈಯಲ್ಲಿ ಇರೋದಿಲ್ಲ. ಒತ್ತಿಸಿಕೊಂಡವರ ಮನೆಯೊಳಗಿನ ರಾಜಕೀಯ ಅದನ್ನು ನಿರ್ಧಾರ ಮಾಡುತ್ತೆ.

ಮಧ್ಯಾಹ್ನದ ಚಹಾ

ನಿಮ್ಮಿಬ್ಬರ ಜಗಳದಲ್ಲಿ ಮಧೇಶಿಗಳು ಕಾಣೆಯಾಗಿದ್ದಾರೆ. ಸಂವಿಧಾನ ಬರುವ ಮೊದಲೇ, ಆಗಸ್ಟ್‌ನಿಂದ, ತರಾಯಿಯಲ್ಲಿ ಪ್ರತಿಭಟನೆ ನಡೀತಾ ಇತ್ತು. ಎರಡು ತಿಂಗಳಲ್ಲಿ 40ಕ್ಕೂ ಹೆಚ್ಚು ಜನ ಸತ್ತರು, ಪೊಲೀಸರೂ ಸೇರಿ. ಪ್ರಾಂತ್ಯದ ಗಡಿ, ಕ್ಷೇತ್ರ ಹಂಚಿಕೆ, ತಾಯಿಯ ಮೂಲಕ ಸಿಗುವ ಪೌರತ್ವ, ಇವು ನಿಜವಾದ ತಕರಾರುಗಳು. ಕಠ್ಮಂಡುವಿನ ಬೆಟ್ಟದ ಮೇಲ್ಜಾತಿ ನಾಯಕರು ಇವರನ್ನು ಯಾವತ್ತೂ ಪೂರ್ತಿ ನೇಪಾಳಿ ಅಂತ ನೋಡಿಲ್ಲ.

ಇನ್ನೊಂದು ವಿಷಯ. 2016ರ ಜನವರಿಯಲ್ಲಿ ನೇಪಾಳದ ಸಂಸತ್ತು ಸಂವಿಧಾನಕ್ಕೆ ಮೊದಲ ತಿದ್ದುಪಡಿ ಮಾಡಿತು. ಜನಸಂಖ್ಯೆ ನೋಡಿ ಕ್ಷೇತ್ರ, ಸರ್ಕಾರಿ ಸಂಸ್ಥೆಗಳಲ್ಲಿ ಪಾಲು. ಮಧೇಶಿ ಪಕ್ಷಗಳಿಗೆ ಅದು ಸಾಲಲಿಲ್ಲ, ಆದರೆ ಏನೂ ಸಿಗಲಿಲ್ಲ ಅನ್ನೋದು ತಪ್ಪು.

ಆದರೆ ಭಾರತ ಕೈ ಹಾಕಿದ್ದರಿಂದ ಅವರಿಗೆ ಲಾಭಕ್ಕಿಂತ ನಷ್ಟ ಜಾಸ್ತಿ ಅಂತ ನನಗನ್ನಿಸುತ್ತೆ. ಸ್ವಂತ ಹಕ್ಕು ಕೇಳಿದವರು ಬೆಳಗಾಗೋದರೊಳಗೆ "ಭಾರತದ ಏಜೆಂಟ್" ಆಗಿಬಿಟ್ಟರು.

ಪೋಖರಾ ಟು ಪೀಣ್ಯ

ನಮಸ್ಕಾರ. ನಾನು ಹುಟ್ಟಿದ್ದು ಪೋಖರಾ, ಓದಿದ್ದು ಬೆಂಗಳೂರಿನ ಸರ್ಕಾರಿ ಶಾಲೆ. ಅಪ್ಪ ಪೀಣ್ಯದಲ್ಲಿ ಸೆಕ್ಯೂರಿಟಿ. ಕನ್ನಡ ತಪ್ಪಿದ್ದರೆ ಬೈಬೇಡಿ.

2015ರ ದಸೈಂಗೆ, ಅಂದ್ರೆ ನಮ್ಮ ದಸರಾಗೆ, ಊರಿಗೆ ಹೋಗಿದ್ದೆವು. ಡೀಸೆಲ್ ಇಲ್ಲದೆ ಅರ್ಧ ಬಸ್ಸು ನಿಂತಿದ್ದವು, ಓಡ್ತಿದ್ದ ಬಸ್ಸಿನ ಟಾಪ್ ಮೇಲೆಲ್ಲ ಜನ. ಅಜ್ಜಿ ಮನೆಯಲ್ಲಿ ಗ್ಯಾಸ್ ಇರಲಿಲ್ಲ. ಆಮೇಲೆ ಅಂಗಡಿಯಲ್ಲಿ ಅರ್ಧ ತುಂಬಿದ ಸಿಲಿಂಡರ್ ಕೊಡೋಕೆ ಶುರು ಮಾಡಿದರು, ಅದಕ್ಕೂ ಕ್ಯೂ. ಪೆಟ್ರೋಲ್ ನೀರಿನ ಬಾಟಲಿಯಲ್ಲಿ ಕದ್ದುಮುಚ್ಚಿ ಮಾರ್ತಿದ್ದರು. ಚಿಕ್ಕಮ್ಮ ಇಂಡಕ್ಷನ್ ಒಲೆ ತಂದರು. ತಂದ ದಿನವೇ ಲೋಡ್‌ಶೆಡ್ಡಿಂಗ್. ಅಂಗಳದಲ್ಲಿ ಸೌದೆ ಒಲೆ ಹಚ್ಚಿದ್ದಾಯ್ತು. ಚಳಿ ಶುರುವಾದ ಮೇಲೆ, ಔಷಧ, ಲಸಿಕೆ, ಇಂಧನ ಇಲ್ಲದೆ 5 ವರ್ಷದೊಳಗಿನ 30 ಲಕ್ಷ ಮಕ್ಕಳಿಗೆ ಅಪಾಯ ಇದೆ ಅಂತ ಯುನಿಸೆಫ್ ಹೇಳಿತ್ತು. ಹುಡುಕಿದರೆ ಸಿಗುತ್ತೆ.

ನೇರನುಡಿ ಅಣ್ಣ, ಬಾವಿ ಮಾತು ಸರಿ. ಆದರೆ ಪುಕ್ಕಟೆ ಅಲ್ಲ. ಆ ಪೆಟ್ರೋಲ್‌ಗೆ ನಮ್ಮ ಆಯಿಲ್ ನಿಗಮ ಇಂಡಿಯನ್ ಆಯಿಲ್‌ಗೆ ದುಡ್ಡು ಕೊಡುತ್ತೆ. ನೀವು ಮಾರೋರು, ನಾವು ಗಿರಾಕಿ.

ನೇರನುಡಿ

ತಮ್ಮಾ, ನಿನ್ನ ಕನ್ನಡ ನನ್ನ ಮಗನ ಕನ್ನಡಕ್ಕಿಂತ ಚೆನ್ನಾಗಿದೆ. ಗಿರಾಕಿ ಅನ್ನೋದನ್ನು ಒಪ್ಪಿದೆ. ಬೇರೆ ಅಂಗಡಿ ಇಲ್ಲದ ಗಿರಾಕಿ ಅಷ್ಟೇ.

ಲೆಕ್ಕದ ಮೇಷ್ಟ್ರು

ಪೆಟ್ರೋಲ್ ಕಣ್ಣಿಗೆ ಕಾಣುತ್ತೆ, ಅದಕ್ಕೇ ಎಲ್ಲರೂ ಅದರ ಬಗ್ಗೆಯೇ ಮಾತಾಡುತ್ತಾರೆ. ನಿಜವಾದ ಗಂಟು ರೂಪಾಯಿಯಲ್ಲಿದೆ.

1993ರಿಂದ ನಮ್ಮ 100 ರೂಪಾಯಿಗೆ ಅವರ 160, ಒಂದು ಪೈಸೆ ಆಚೀಚೆ ಇಲ್ಲ. ಡಾಲರ್ ಎದುರು ನಮ್ಮ ರೂಪಾಯಿ ಬಿದ್ದರೆ ಅವರದ್ದೂ ತಾನಾಗೇ ಬೀಳುತ್ತೆ, ಅವರು ಏನೂ ತಪ್ಪು ಮಾಡದಿದ್ದರೂ. ಬಡ್ಡಿ ದರ ಇಡುವಾಗಲೂ ಅವರ ಕೇಂದ್ರ ಬ್ಯಾಂಕ್ ಆದ ನೇಪಾಳ ರಾಷ್ಟ್ರ ಬ್ಯಾಂಕ್ ಮುಂಬೈಯ ರಿಸರ್ವ್ ಬ್ಯಾಂಕ್ ಕಡೆ ಒಂದು ಕಣ್ಣಿಡಲೇಬೇಕು. ಹಾಗಂತ ಇದು ಸರಪಳಿ ಅಂತ ನಾನು ಹೇಳಲ್ಲ. ಗಡಿ ವ್ಯಾಪಾರಿಗೆ, ಇಲ್ಲಿ ದುಡಿದು ಊರಿಗೆ ಕಳಿಸುವವನಿಗೆ ಇದರಿಂದ ಅನುಕೂಲವೇ. ಅವರ ಅರ್ಥಶಾಸ್ತ್ರಜ್ಞರಲ್ಲೇ ಬಹಳ ಜನ ಇದನ್ನು ಮುಟ್ಟಬೇಡಿ ಅನ್ನುತ್ತಾರೆ.

ಸ್ವಾರಸ್ಯ ಇರೋದು ಇದು ನಡೆಯುವ ರೀತಿಯಲ್ಲಿ. ಭಾರತದಿಂದ ಕೊಳ್ಳೋದು ಜಾಸ್ತಿ, ಭಾರತಕ್ಕೆ ಮಾರೋದು ಕಮ್ಮಿ. ಹಾಗಾಗಿ ಭಾರತದ ರೂಪಾಯಿ ಯಾವಾಗಲೂ ಕಮ್ಮಿ ಬೀಳುತ್ತೆ. ಆಗ ರಾಷ್ಟ್ರ ಬ್ಯಾಂಕ್ ತನ್ನ ಹತ್ತಿರ ಇರುವ ಡಾಲರ್ ಮಾರಿ ನಮ್ಮ ರೂಪಾಯಿ ಕೊಳ್ಳುತ್ತೆ. ಡಾಲರ್ ಎಲ್ಲಿಂದ? ದೊಡ್ಡ ಪಾಲು ಕತಾರ್, ಸೌದಿ, ಮಲೇಷ್ಯಾದಲ್ಲಿ ದುಡಿಯುವ ಹುಡುಗರಿಂದ. ಹೊರಗಿನಿಂದ ಬರುವ ಈ ಹಣ ನೇಪಾಳದ ಜಿಡಿಪಿಯ ಕಾಲುಭಾಗದಷ್ಟಿದೆ. ಅಂದ್ರೆ ದೋಹಾದ ಬಿಸಿಲಲ್ಲಿ ದುಡಿದ ದುಡ್ಡು ಸುತ್ತಿ ಬಳಸಿ ಬಂದು ನಮ್ಮ ಅಕ್ಕಿ, ಡೀಸೆಲ್, ಬೈಕ್ ಕೊಳ್ಳುತ್ತೆ.

ನೋಟು ರದ್ದತಿ ನೆನಪಿದೆಯಾ? 2016ರ ನವೆಂಬರ್ 8. ನೇಪಾಳದ ಬ್ಯಾಂಕುಗಳಲ್ಲಿ ಉಳಿದ ನಮ್ಮ ಹಳೇ 500, 1,000ದ ನೋಟುಗಳು ಕೋಟಿಗಟ್ಟಲೆ ರೂಪಾಯಿಯವು. ಬದಲಾಯಿಸಿ ಕೊಡಿ ಅಂತ ಕೇಳಿ ಕೇಳಿ ಸಾಕಾದರು. ನಮ್ಮ ಮಟ್ಟಿಗೆ ಅದು ಚಿಲ್ಲರೆ ದುಡ್ಡು. ಅಲ್ಲಿ ಮನೆಮನೆಯ ಡಬ್ಬಿಯಲ್ಲಿ ಉಳಿದ ನೋಟು ಅದು. ದಿಗ್ಬಂಧನದಷ್ಟೇ ಕಹಿ ಅದರಿಂದಲೂ ಆಯಿತು ಅಂತ ನನ್ನ ಅಂದಾಜು. ಇದರ ಬಗ್ಗೆ ಇಲ್ಲಿ ಯಾರೂ ಮಾತಾಡೋದೇ ಇಲ್ಲ.

ದೋಹಾದಿಂದ ನಮಸ್ಕಾರ

ಮೇಷ್ಟ್ರು ದೋಹಾ ಅಂದರು, ಬರೆಯದೆ ಇರೋಕಾಗಲಿಲ್ಲ. ನಾನು ಮಂಗಳೂರಿನವನು.

2017ರ ಜೂನ್ 5. ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ನಾಲ್ಕೂ ಸೇರಿ ಕತಾರ್‌ಗೆ ದಾರಿ ಮುಚ್ಚಿದರು. ನಮ್ಮ ಹಾಲು, ಮೊಸರು ಎಲ್ಲ ಸೌದಿಯಿಂದ ಲಾರಿಯಲ್ಲಿ ಬರ್ತಿತ್ತು. ಆ ದಿನ ಸಂಜೆ ಸೂಪರ್‌ಮಾರ್ಕೆಟ್‌ನಲ್ಲಿ ಹಾಲಿನ ಕಪಾಟು ಖಾಲಿ, ಜನ ಕೋಳಿಗೂ ಅಕ್ಕಿಗೂ ಮುಗಿಬಿದ್ದಿದ್ದರು. ಕೆಲವೇ ದಿನ. ಟರ್ಕಿಯ ಹಾಲಿನ ಡಬ್ಬ ಬಂತು, ಮೇಲೆ ಓದೋಕೆ ಬಾರದ ಭಾಷೆ. ಒಮಾನ್‌ನ ಸೋಹಾರ್ ಬಂದರಿನ ಮೂಲಕ ಹಡಗು ಶುರುವಾಯಿತು. ಜುಲೈಯಲ್ಲಿ ಹಸುಗಳನ್ನೇ ವಿಮಾನದಲ್ಲಿ ತಂದರು! ಈಗ ಇಲ್ಲಿನ ಬಲದ್ನಾ ಡೈರಿಯ ಹಾಲು ಹೊರದೇಶಕ್ಕೂ ಹೋಗುತ್ತೆ. ಮೂರೂವರೆ ವರ್ಷ ಆದಮೇಲೆ, 2021ರ ಜನವರಿಯಲ್ಲಿ, ಅಲ್ ಉಲಾದಲ್ಲಿ ರಾಜಿ ಆಯಿತು. ಕತಾರ್‌ನ ಅಲ್ ಜಝೀರಾ ಟಿವಿ ಮುಚ್ಚಿ ಅನ್ನೋದರಿಂದ ಹಿಡಿದು 13 ಬೇಡಿಕೆ ಇಟ್ಟಿದ್ದರು. ಅಲ್ ಜಝೀರಾ ಇವತ್ತಿಗೂ ಓಡ್ತಾ ಇದೆ.

ದುಡ್ಡು ಇತ್ತು, ಸಮುದ್ರ ಇತ್ತು. ನೇಪಾಳಕ್ಕೆ ಎರಡೂ ಇಲ್ಲ.

ಇನ್ನೊಂದು ಮಜಾ. ಜಗಳ ನಡೆಯುವಾಗಲೂ ಕತಾರ್‌ನಿಂದ ಯುಎಇಗೆ ಹೋಗುವ ಡಾಲ್ಫಿನ್ ಗ್ಯಾಸ್ ಪೈಪ್‌ಲೈನ್ ಒಂದು ದಿನವೂ ನಿಲ್ಲಲಿಲ್ಲ. ಅವರು ಇವರ ವಿಮಾನಕ್ಕೆ ಆಕಾಶ ಮುಚ್ಚಿದ್ದರು, ಅವರ ಏಸಿ ಓಡ್ತಿದ್ದದ್ದು ಇವರ ಗ್ಯಾಸ್‌ನಿಂದ. ಕತಾರ್ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಆಮೇಲೆ ಇವರ ಗ್ಯಾಸ್ ನಂಬಿ ಜಪಾನ್, ಭಾರತದವರು 20 ವರ್ಷದ ಒಪ್ಪಂದ ಮಾಡ್ತಿದ್ದರಾ?

ಹಳದಿ ಉಪ್ಪಿಟ್ಟು

ನನ್ನ ಹೆಸರು ನೋಡಿದರೆ ನನ್ನ ವಯಸ್ಸಿನವರಿಗೆ ಅರ್ಥ ಆಗುತ್ತೆ. ಪ್ರೈಮರಿ ಶಾಲೆಯಲ್ಲಿ ಮಧ್ಯಾಹ್ನ ಅಮೆರಿಕದ ಕೇರ್ ಸಂಸ್ಥೆಯವರ ಹಳದಿ ಉಪ್ಪಿಟ್ಟು ಕೊಡೋರು, ಜೊತೆಗೆ ಹಾಲಿನ ಪುಡಿ ಕಲಸಿದ ಹಾಲು. ಉಪ್ಪಿಟ್ಟನ್ನು ತಟ್ಟೆಯಿಂದ ಕಿತ್ತು ತಿನ್ನಬೇಕಿತ್ತು, ಅಷ್ಟು ಗಟ್ಟಿ. ಆದರೂ ಎರಡನೇ ಸಲ ಹಾಕಿಸಿಕೊಳ್ಳೋಕೆ ಜಗಳ. ಅಮೆರಿಕ ಎಲ್ಲಿದೆ ಅಂತ ಗೊತ್ತಿರಲಿಲ್ಲ, ಚೀಲದ ಮೇಲೆ ಎರಡು ಕೈ ಕುಲುಕುವ ಚಿತ್ರ ಮಾತ್ರ ಗೊತ್ತಿತ್ತು.

ಪಿಎಲ್ 480 ಅಂತ ಅಮೆರಿಕದ ಕಾನೂನು, ಅದರಡಿ ಗೋಧಿ ಬರ್ತಿತ್ತು. 1965ರಲ್ಲಿ ಮಳೆ ಕೈಕೊಟ್ಟಿತು, ಪಾಕಿಸ್ತಾನದ ಜೊತೆ ಯುದ್ಧ ಬೇರೆ. ಅಧ್ಯಕ್ಷ ಜಾನ್ಸನ್ ಆಗ ವರ್ಷಗಟ್ಟಲೆ ಒಪ್ಪಂದ ನಿಲ್ಲಿಸಿ ಸ್ವಲ್ಪಸ್ವಲ್ಪವೇ ಬಿಡೋಕೆ ಶುರು ಮಾಡಿದರು. ಮುಂದಿನ ಹಡಗು ಹೊರಡಬೇಕಾದರೆ ಅವರ ಒಪ್ಪಿಗೆ ಬೇಕು. ವಿಯೆಟ್ನಾಂ ಬಗ್ಗೆ ನಾವು ಬಾಯಿ ಬಿಟ್ಟರೆ ಹಡಗು ತಡ. 1966ರ ಜೂನ್‌ನಲ್ಲಿ ರೂಪಾಯಿ ಬೆಲೆಯನ್ನೂ ಇಳಿಸಿದೆವು, ಡಾಲರ್‌ಗೆ 4.76 ಇದ್ದದ್ದು 7.50 ಆಯಿತು. ಅದರ ಹಿಂದೆಯೂ ವಿಶ್ವಬ್ಯಾಂಕ್ ಮತ್ತು ಅಮೆರಿಕದ ಒತ್ತಡ ಇತ್ತು. ಸಹಾಯ ಕೊಟ್ಟರು, ನಿಜ. ಆ ಗೋಧಿ ಇಲ್ಲದಿದ್ದರೆ ಬಿಹಾರದಲ್ಲಿ ಇನ್ನೆಷ್ಟು ಜನ ಸಾಯುತ್ತಿದ್ದರೋ. ಆದರೆ ದೆಹಲಿಯಲ್ಲಿ ಉಳಿದದ್ದು ಕೃತಜ್ಞತೆ ಅಲ್ಲ, ಅವಮಾನ. ಅದೇ ವರ್ಷ ಆಗಿನ ಕೃಷಿ ಸಚಿವ ಸಿ. ಸುಬ್ರಮಣ್ಯಂ ಮೆಕ್ಸಿಕೋದಿಂದ 18,000 ಟನ್ ಬೀಜದ ಗೋಧಿ ತರಿಸಿದರು.

ನೇರನುಡಿಯವರೇ, "ಇಷ್ಟು ಕೊಟ್ಟರೂ ಉಪಕಾರ ಸ್ಮರಣೆ ಇಲ್ಲ" ಅಂತ ಜಾನ್ಸನ್ ಕೂಡ ಅಂದುಕೊಂಡಿರಬಹುದು, ಅಲ್ವಾ?

ನೇರನುಡಿ

ಹಿರಿಯರು, ಉತ್ತರ ಕೊಡೋಕೆ ಹೋಗಲ್ಲ. ಆದರೆ ನಿಮ್ಮ ಕಥೆಯಲ್ಲೇ ಇನ್ನೊಂದು ಮಾತಿದೆ. ನಾವು ಗೋಧಿ ಬೆಳೆದು ಬಿಡಿಸಿಕೊಂಡೆವು. ನೇಪಾಳ ಪೆಟ್ರೋಲ್ ಬೆಳೆಯೋಕಾಗುತ್ತಾ?

ಕುಮಟಾ ಕಡೆಯವ

ವಿಷಯ ಸ್ವಲ್ಪ ಆಚೆ. ಪಶುಪತಿನಾಥದಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದವರೇ, ತಲೆಮಾರುಗಳಿಂದ. 2009ರ ಹೊತ್ತಿಗೆ ಮಾವೋವಾದಿ ನಾಯಕ ಪ್ರಚಂಡರ ಸರ್ಕಾರ ಅವರನ್ನು ತೆಗೆದು ನೇಪಾಳಿ ಪೂಜಾರಿಗಳನ್ನು ಹಾಕಲು ಹೋದಾಗ ಅಲ್ಲಿನ ಜನವೇ ಬೀದಿಗೆ ಬಂದರು, ಕೋರ್ಟೂ ತಡೆಯಿತು, ಸರ್ಕಾರ ಹಿಂದೆ ಸರಿಯಿತು. ಸಂಬಂಧ ಅಂದರೆ ಬರೀ ಪೆಟ್ರೋಲ್ ಅಲ್ಲ ಅಂತ ಹೇಳಿದೆ ಅಷ್ಟೇ.

ಹೌರಾ ಬ್ರಿಜ್

ನೇರನುಡಿಯವರ ಪ್ರಶ್ನೆ ಚೆನ್ನಾಗಿದೆ. ಪೆಟ್ರೋಲ್ ಬೆಳೆಯೋಕಾಗಲ್ಲ. ಮೊದಲು ಅವರು ಚೀನಾ ಬಾಗಿಲು ತಟ್ಟಿದರು. 2015ರ ಅಕ್ಟೋಬರ್‌ನಲ್ಲಿ ಚೀನಾ 1,000 ಟನ್ ಪೆಟ್ರೋಲ್ ಉಡುಗೊರೆ ಕೊಟ್ಟಿತು. ಪೆಟ್ರೋಚೈನಾ ಜೊತೆ ಒಪ್ಪಂದದ ಕಾಗದವೂ ಆಯಿತು, ಮಾಲು ಬರಲಿಲ್ಲ. ಸಾಗಣೆ ಒಪ್ಪಂದದಡಿ ನಾಲ್ಕು ಚೀನಿ ಬಂದರು ಕೊಟ್ಟಿದ್ದಾರೆ. ಅದರಲ್ಲಿ ಟಿಯಾಂಜಿನ್ 3,000 ಕಿ.ಮೀ.ಗೂ ದೂರ, ನಡುವೆ ಟಿಬೆಟ್. ಕೋಲ್ಕತ್ತಾದಿಂದ ಬೀರ್‌ಗಂಜ್ ಸುಮಾರು 700. ಯಾವ ವ್ಯಾಪಾರಿ ಆ ಕಡೆ ಹೋಗ್ತಾನೆ? ಕೋವಿಡ್ ಹೊತ್ತಿನಲ್ಲಿ ಚೀನಾ ಕೂಡ ರಸುವಾಗಢಿ, ತಾತೋಪಾನಿ ಗಡಿ ದಾರಿಗಳನ್ನು ತಿಂಗಳುಗಟ್ಟಲೆ ಹೆಚ್ಚೂಕಮ್ಮಿ ಮುಚ್ಚಿತ್ತು. ಆಗ ಕಠ್ಮಂಡುವಿನಲ್ಲಿ ಅಷ್ಟು ಗಲಾಟೆ ಆಗಲಿಲ್ಲ, ಅದು ಬೇರೆ ಮಾತು. 2025ರ ಜುಲೈನಲ್ಲಿ ರಸುವಾಗಢಿಯ ಸೇತುವೆ ಪ್ರವಾಹಕ್ಕೆ ಕೊಚ್ಚಿಹೋಯಿತು.

ತಮಾಷೆ ನೋಡಿ: "ಭಾರತಕ್ಕೆ ಬಗ್ಗದ" ಅದೇ ಓಲಿ 2019ರಲ್ಲಿ ಮೋದಿ ಜೊತೆ ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮಲೇಖ್‌ಗಂಜ್‌ಗೆ ಹೋಗುವ ಇಂಧನ ಪೈಪ್‌ಲೈನ್ ಉದ್ಘಾಟನೆ ಮಾಡಿದರು. 69 ಕಿ.ಮೀ. ಉದ್ದ. ನಲ್ಲಿ ಇನ್ನೂ ದಪ್ಪ ಆಯಿತು.

ಪೋಖರಾ ಟು ಪೀಣ್ಯ

ಆದರೆ ಗಾಡಿ ಬದಲಾಯ್ತು ಸರ್! ಈಗ ನೇಪಾಳಕ್ಕೆ ಬರುವ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಲೆಕ್ಟ್ರಿಕ್. ಸರ್ಕಾರ ಪೆಟ್ರೋಲ್ ಕಾರಿಗೆ ತೆರಿಗೆ ಜಾಸ್ತಿ ಹಾಕಿ ಇದಕ್ಕೆ ಕಮ್ಮಿ ಮಾಡಿತು. ನಮ್ಮ ಮಾವ ಕಠ್ಮಂಡು–ಪೋಖರಾ ಮೈಕ್ರೋಬಸ್ ಓಡಿಸ್ತಾರೆ, ಈಗ ಬ್ಯಾಟರಿದು. ಮುಗ್ಲಿಂಗ್ ಹತ್ತಿರ ಚಾರ್ಜ್‌ಗೆ ಹಾಕಿ ದಾಲ್ ಭಾತ್ ತಿಂತಾರೆ. ಕರೆಂಟ್ ನಮ್ಮ ನದಿದು.

ಮಧ್ಯಾಹ್ನದ ಚಹಾ

ಆ ಬಸ್ಸು ಎಲ್ಲಿಯದು ಅಂತ ಕೇಳು ಮಾವನ್ನ. ಚೀನಾದ್ದು ತಾನೇ?

ಪೋಖರಾ ಟು ಪೀಣ್ಯ

ಹೌದು 😄

ಲೆಕ್ಕದ ಮೇಷ್ಟ್ರು

ಇದೇ ನೋಡಿ ಸರಿಯಾದ ಜಾಗ. ಪೆಟ್ರೋಲ್ ದಿನಾ ಬೇಕು, ನಿಂತರೆ ಮೂರನೇ ದಿನಕ್ಕೆ ಊರು ನಿಲ್ಲುತ್ತೆ. ಬಸ್ಸು ಒಮ್ಮೆ ಬಂದರೆ ವರ್ಷಗಟ್ಟಲೆ ಓಡುತ್ತೆ, ಬಿಡಿಭಾಗ ತಡವಾದರೂ ನಾಳೆಯೇ ಅನಾಹುತ ಆಗಲ್ಲ. ಯಾರ ಮೇಲೆ ಎಷ್ಟು ಅವಲಂಬನೆ ಅನ್ನೋದಕ್ಕಿಂತ, ಅವರು ನಿಲ್ಲಿಸಿದರೆ ನಮಗೆ ಎಷ್ಟು ದಿನ ಟೈಮ್ ಇದೆ ಅನ್ನೋದು ಮುಖ್ಯ.

ಹಾಗಂತ ಭಾರತದ ಹಿಡಿತ ಹೋಯಿತು ಅಂದುಕೊಳ್ಳಬೇಡಿ. ಅದು ಜಾಗ ಬದಲಾಯಿಸಿದೆ ಅಷ್ಟೇ. ಮಳೆಗಾಲದಲ್ಲಿ ನೇಪಾಳದ ಕರೆಂಟ್ ಮಿಗುತ್ತೆ, ಕೊಳ್ಳೋರು ನಾವೇ. 10 ವರ್ಷದಲ್ಲಿ 10,000 ಮೆಗಾವಾಟ್ ಕೊಳ್ಳುವ ಒಪ್ಪಂದ 2024ರ ಜನವರಿಯಲ್ಲಿ ಆಗಿದೆ. ಬಾಂಗ್ಲಾದೇಶಕ್ಕೆ ಮಾರುವ 40 ಮೆಗಾವಾಟ್ ಕೂಡ ನಮ್ಮ ತಂತಿಯ ಮೇಲೇ ಹೋಗಬೇಕು. ಷರತ್ತು: ಚೀನಾ ಬಂಡವಾಳ, ಚೀನಿ ಗುತ್ತಿಗೆದಾರ ಇರುವ ಯೋಜನೆಯ ಕರೆಂಟ್ ನಮಗೆ ಬೇಡ. ಅದರ ಪರಿಣಾಮ ನೋಡಿ. ವೆಸ್ಟ್ ಸೇತಿ ಯೋಜನೆ ಚೀನಾದ ತ್ರೀ ಗಾರ್ಜಸ್ ಕಂಪನಿ ಕೈಯಲ್ಲಿತ್ತು, ಅವರು ಬಿಟ್ಟರು. 2022ರಲ್ಲಿ ನೇಪಾಳ ಅದನ್ನು ನಮ್ಮ ಸರ್ಕಾರಿ ಜಲವಿದ್ಯುತ್ ಕಂಪನಿ ಎನ್‌ಎಚ್‌ಪಿಸಿಗೆ ಕೊಟ್ಟಿತು. ಒಂದು ಲಾರಿ ನಿಲ್ಲಲಿಲ್ಲ, ಒಬ್ಬ ಅಜ್ಜಿಯ ಒಲೆ ಆರಲಿಲ್ಲ.

ನೇರನುಡಿ

ಅಂದ್ರೆ ಮೇಷ್ಟ್ರೇ, ನೀವೂ ಒತ್ತಡ ಹಾಕಿ ಅಂತಲೇ ಹೇಳ್ತಿದ್ದೀರಿ. ಸದ್ದು ಮಾಡಬೇಡಿ ಅಂತ ಅಷ್ಟೇ.

ಹೌರಾ ಬ್ರಿಜ್

ನಾನಂತೂ ಅದನ್ನು ಒಪ್ಪುತ್ತೇನೆ. ಏನು ಕೊಳ್ಳಬೇಕು, ಯಾವ ಷರತ್ತಿಗೆ ಅನ್ನೋದು ಗಿರಾಕಿಯ ಹಕ್ಕು, ಚೌಕಾಸಿಗೆ ಜಾಗ ಇರುತ್ತೆ. ಭೂಕಂಪ ಆದ ಊರಿನ ಗ್ಯಾಸ್ ನಿಲ್ಲಿಸೋದರಲ್ಲಿ ಚೌಕಾಸಿ ಏನಿದೆ? 1950ರ ಒಪ್ಪಂದಕ್ಕೆ ಅವರ ಕಡೆಯಿಂದ ಪ್ರಧಾನಿ ಸಹಿ, ನಮ್ಮ ಕಡೆಯಿಂದ ಬರೀ ರಾಯಭಾರಿ ಸಹಿ. ಅದನ್ನೇ ಇನ್ನೂ ಮರೆತಿಲ್ಲ ಅವರು. ಅದನ್ನೆಲ್ಲ ಸರಿಮಾಡೋಣ ಅಂತ ಎರಡೂ ಕಡೆಯ ಹಿರಿಯರ ಸಮಿತಿ 2018ರಲ್ಲೇ ವರದಿ ಮುಗಿಸಿತು, ತೆಗೆದುಕೊಳ್ಳೋಕೆ ದೆಹಲಿಗೆ ಪುರುಸೊತ್ತಾಗಿಲ್ಲ.

ಪೋಖರಾ ಟು ಪೀಣ್ಯ

ಎಲ್ಲ ದೆಹಲಿ ತಲೆಗೇ ಕಟ್ಟಬೇಡಿ. ಚಳಿಗಾಲದಲ್ಲಿ ನದಿ ಇಳಿಯುತ್ತೆ, ಆಗ ನಾವು ಭಾರತದಿಂದ ಕರೆಂಟ್ ಕೊಳ್ಳಬೇಕು, ಮಾವನ ಬಸ್ಸಿಗೂ ಸೇರಿ. ಅದಕ್ಕೆ ದೊಡ್ಡ ಜಲಾಶಯ ಬೇಕು. ಬೂಢಿ ಗಂಡಕಿ ಅಂತ 1,200 ಮೆಗಾವಾಟ್‌ದು ಇದೆ. 2017ರಲ್ಲಿ ಪ್ರಚಂಡ ಚೀನಾದ ಗೆಜೌಬಾ ಕಂಪನಿಗೆ ಕೊಟ್ಟರು. ಅದೇ ವರ್ಷ ಅವರ ನಂತರ ಪ್ರಧಾನಿಯಾದ ದೇವುಬಾ ಕಿತ್ತರು. 2018ರಲ್ಲಿ ಓಲಿ ಮತ್ತೆ ಅವರಿಗೇ ಕೊಟ್ಟರು. 2022ರಲ್ಲಿ ದೇವುಬಾ ಮತ್ತೆ ಕಿತ್ತರು. ಡ್ಯಾಂ ಇನ್ನೂ ಎದ್ದಿಲ್ಲ. ಇದಕ್ಕೆ ನಾನು ಯಾವ ದೇಶವನ್ನು ಬೈಯಲಿ ಹೇಳಿ.